ಗಡಿಯ ನೀರು: ಕೃಷ್ಣಾ-ದೂಧಗಂಗಾ ತೀರದ ನ್ಯಾಯಾನ್ಯಾಯ ವಿಚಾರ

ಶಿಲಾಹಾರ ವಂಶದ ಅರಸನಾದ ಗಂಡರಾದಿತ್ಯನು ಮಿರಜ ಪ್ರಾಂತದ ಇರುಕುಡಿ ಎಂಬ ಗ್ರಾಮದ ಬಳಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿ ಅದಕ್ಕೆ ಗಂಡಸಮುದ್ರವೆಂದು ಹೆಸರಿಟ್ಟನು. ಕ್ರಿ.ಶ. 1110ರ ಸುಮಾರಿನ ಅವನ ತಾಮ್ರಶಾಸನವು ಈ ಸಂಗತಿಯನ್ನು ತಿಳಿಸುವುದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತದೆ. ಆ ಕೆರೆಯ ದಂಡೆಯ ಮೇಲೆ ಅರಸನು ಈಶ್ವರ, ಬುದ್ಧ ಮತ್ತು ಅರ್ಹಂತ ಈ ಮೂವರನ್ನೂ ಪ್ರತಿಷ್ಠಾಪಿಸಿ ಮೂವರಿಗೂ ಭೂಮಿಯನ್ನು ಬಿಟ್ಟುಕೊಟ್ಟನು. ಇತಿಹಾಸಕಾರರು ಈ ಶಾಸನವನ್ನು ಮತಸಹಿಷ್ಣುತೆಯ ನಿದರ್ಶನವೆಂದು ಉದಾಹರಿಸುತ್ತ ಬಂದಿದ್ದಾರೆ, ಅದು ಸರಿಯೇ. ಆದರೆ ಮೂರು ಮತದವರು ಒಂದೆಡೆ ಕೂಡಿದ್ದು ಅರಮನೆಯ ಅಂಗಳದಲ್ಲಲ್ಲ, ನೀರಿನ ದಂಡೆಯ ಮೇಲೆ ಎಂಬ ಅಂಶವನ್ನು ಗಮನಿಸಿದವರು ಕಡಿಮೆ.

ಗಂಡರಾದಿತ್ಯನು ಆಳಿದ ನಾಡಿನ ನಡುವೆ ಇಂದು ಎರಡು ರಾಜ್ಯಗಳ ಗಡಿ ಹಾಯ್ದುಹೋಗಿದೆ. ಉತ್ತರಕ್ಕೆ ಕೋಲ್ಹಾಪುರ, ಸಾಂಗಲಿ ಜಿಲ್ಲೆಗಳು; ದಕ್ಷಿಣಕ್ಕೆ ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳು. ಈ ಗಡಿಯನ್ನು ದಾಟಿ ಬರುವ ನೀರಿನ ಹಂಚಿಕೆಯ ಕಥೆಯು ನೆರೆಯ ದೇಶಗಳ ನಡುವಿನ ಯಾವುದೇ ಜಲವಿವಾದಕ್ಕೆ ಕಡಿಮೆಯಾದುದಲ್ಲ. ಎಷ್ಟೋ ವಿಷಯಗಳಲ್ಲಿ ಅದಕ್ಕಿಂತ ತೊಡಕಿನದು. ಏಕೆಂದರೆ ಇಲ್ಲಿ ಮೇಲಿನವರೂ ಕೆಳಗಿನವರೂ ಪರಸ್ಪರ ಬೀಗರು.

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಯು ಕರಾಡದಲ್ಲಿ ಕೊಯ್ನೆಯನ್ನು, ಸಾಂಗಲಿಯ ಬಳಿಯ ಹರಿಪುರದಲ್ಲಿ ವಾರಣೆಯನ್ನು, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು ಶಿರೋಳ ತಾಲೂಕಿನ ಅಂಚಿಗೆ ಬರುತ್ತದೆ. ಅಲ್ಲಿ ರಾಜಾಪುರದ ಬಾಂದಾರವಿದೆ. ಮಹಾರಾಷ್ಟ್ರದ ನೆಲದಲ್ಲಿ ಕೃಷ್ಣೆಗೆ ಕಟ್ಟಿದ ಕೊನೆಯ ತಡೆ ಅದು. ಸಮೀಪದಲ್ಲೇ ಖಿದ್ರಾಪುರ, ಹನ್ನೆರಡನೆಯ ಶತಮಾನದ ಕೋಪೇಶ್ವರ ದೇವಾಲಯವೂ ಜಿನಾಲಯವೂ ಕನ್ನಡ ಶಾಸನಗಳೂ ಇರುವ ಊರು. ಎದುರಿನ ದಡದಲ್ಲಿ ಕಾಗವಾಡ ತಾಲೂಕಿನ ಜುಗೂಳ. ಇನ್ನೂ ಸ್ವಲ್ಪ ಕೆಳಗೆ, ಚಿಕ್ಕೋಡಿ ತಾಲೂಕಿನ ಕಲ್ಲೋಳ-ಯಡೂರಗಳ ಬಳಿ, ದೂಧಗಂಗೆ ಬಂದು ಕೃಷ್ಣೆಗೆ ಸೇರುತ್ತದೆ. ಆ ದೂಧಗಂಗೆಯೂ ಒಂಟಿಯಾಗಿ ಬರುವುದಿಲ್ಲ. ಭೋಜ ಗ್ರಾಮದ ಹತ್ತಿರ ವೇದಗಂಗೆಯನ್ನು ಕೂಡಿಕೊಂಡೇ ಬರುತ್ತದೆ. ಈ ಎರಡು ನದಿಗಳ ಹುಟ್ಟು ಕೋಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ.

ಭೋಜವೆಂದೊಡನೆ ಆಚಾರ್ಯ ಶಾಂತಿಸಾಗರ ಮಹಾರಾಜರ ಸ್ಮರಣೆ ಬರುವುದು ಸಹಜ. 1872ರಲ್ಲಿ ಅವರು ಹುಟ್ಟಿದ್ದು ತಾಯಿಯ ತವರಾದ ಯಳಗೂಡದಲ್ಲಿ, ಬೆಳೆದದ್ದು ಭೋಜದ ಪಾಟೀಲರ ಮನೆಯಲ್ಲಿ. 1920ರಲ್ಲಿ ಯರ್ನಾಳದಲ್ಲಿ ಮುನಿದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದವಿ. ಇಂದಿನ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದರೆ ತವರು ಮಹಾರಾಷ್ಟ್ರದಲ್ಲಿದೆ, ಮನೆ ಕರ್ನಾಟಕದಲ್ಲಿದೆ, ದೀಕ್ಷೆ ಕರ್ನಾಟಕದಲ್ಲಿ ಆಗಿದೆ, ಪದವಿ ಮಹಾರಾಷ್ಟ್ರದಲ್ಲಿ ದೊರೆತಿದೆ. ಗೃಹಸ್ಥರಾಗಿದ್ದಾಗ ಅವರು ಆದಿಸಾಗರ ಮುನಿಗಳನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ದೂಧಗಂಗಾ-ವೇದಗಂಗಾ ಸಂಗಮವನ್ನು ದಾಟಿಸುತ್ತಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆ ಹೊಳೆಯಲ್ಲಿ ಆಗ ದಾಟಬೇಕಾದದ್ದು ನೀರು ಮಾತ್ರ. ನೀರಿನ ಲೆಕ್ಕ ಇನ್ನೂ ಹುಟ್ಟಿರಲಿಲ್ಲ.

ಹಾಗೆಂದು ಆ ಕಾಲದಲ್ಲಿ ಗಡಿಗಳೇ ಇರಲಿಲ್ಲವೆಂದಲ್ಲ. ಇಂದಿಗಿಂತ ಹೆಚ್ಚಾಗಿಯೇ ಇದ್ದವು. ಚಿಕ್ಕೋಡಿ, ಅಥಣಿ ತಾಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ ರಾಯಬಾಗವು ಕೋಲ್ಹಾಪುರ ಸಂಸ್ಥಾನದ್ದಾಗಿತ್ತು. ನದಿಯ ಮೇಲ್ಭಾಗದಲ್ಲಿ ಸಾಂಗಲಿ, ಮಿರಜ, ಕುರುಂದವಾಡ ಸಂಸ್ಥಾನಗಳ ಪಟವರ್ಧನ ಮನೆತನದವರು, ಕೆಳಭಾಗದಲ್ಲಿ ಜಮಖಂಡಿಯವರು. ಒಂದೇ ನದಿಯ ಐವತ್ತು ಅರವತ್ತು ಮೈಲುಗಳ ಹರವಿನಲ್ಲಿ ಇಷ್ಟೊಂದು ಆಳ್ವಿಕೆಗಳು! ಆದರೂ ನೀರಿಗಾಗಿ ದೊಡ್ಡ ಜಗಳಗಳು ಬೆಳೆಯಲಿಲ್ಲವೆಂದರೆ ಅದಕ್ಕೆ ಅರಸರ ಔದಾರ್ಯವು ಕಾರಣವಲ್ಲ. ನದಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾರಿಗೂ ಇರಲಿಲ್ಲ. ದಡದ ಬಾವಿಯಿಂದ ಮೊಟ್ಟೆಯಲ್ಲಿ ಎತ್ತಿದ ನೀರು ಎಷ್ಟು ಹೊಲವನ್ನು ತೋಯಿಸೀತು? ಅಸಾಮರ್ಥ್ಯವೇ ಅಲ್ಲಿ ಶಾಂತಿಯ ರೂಪದಲ್ಲಿ ಕಾಣಿಸುತ್ತಿತ್ತು.

ಆ ಸಾಮರ್ಥ್ಯವನ್ನು ಮೊದಲು ಸಂಪಾದಿಸಿದವರು ಕೋಲ್ಹಾಪುರದ ಶಾಹೂ ಛತ್ರಪತಿಗಳು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅವರು ಆರಂಭಿಸಿದ ಅಣೆಕಟ್ಟು ಪೂರ್ಣಗೊಂಡದ್ದು ಸ್ವಾತಂತ್ರ್ಯಾನಂತರ. ಅತ್ತ ಘಟಪ್ರಭೆಗೆ ಧೂಪದಾಳದಲ್ಲಿ ಬ್ರಿಟಿಷರು 1897ರ ಹೊತ್ತಿಗೆ ಒಡ್ಡು ಕಟ್ಟಿ ಗೋಕಾಕ ಕಾಲುವೆಯನ್ನು ಹರಿಸಿದ್ದರು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಪ್ರಾರಂಭವಾಯಿತು. ಜೋಳ, ತಂಬಾಕು, ಶೇಂಗಾ ಬೆಳೆಯುತ್ತಿದ್ದ ನಾಡಿಗೆ ವರ್ಷವಿಡೀ ನೀರು ಬೇಡುವ ಕಬ್ಬು ಕಾಲಿಟ್ಟಿತು. ಈ ಭಾಗದ ಜೈನರಲ್ಲಿ ಬಹುಸಂಖ್ಯೆಯವರು ಒಕ್ಕಲುತನದವರಾದುದರಿಂದ ಈ ಬದಲಾವಣೆಯಲ್ಲಿ ಅವರ ಪಾಲೂ ದೊಡ್ಡದು.

1948ರ ಮಾರ್ಚಿನಲ್ಲಿ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಮುಂತಾದ ಸಂಸ್ಥಾನಗಳೂ 1949ರ ಮಾರ್ಚ್ 1ರಂದು ಕೋಲ್ಹಾಪುರವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಲ್ಲಿಂದ 1956ರ ಅಕ್ಟೋಬರ್ 31ರವರೆಗೆ, ಸುಮಾರು ಏಳೂವರೆ ವರ್ಷ, ಮಹಾಬಳೇಶ್ವರದಿಂದ ಅಥಣಿಯವರೆಗೆ ಕೃಷ್ಣೆಯ ಎರಡೂ ದಡಗಳು ಒಂದೇ ಆಡಳಿತದ ಅಡಿಯಲ್ಲಿದ್ದವು. ಇತಿಹಾಸದಲ್ಲಿ ಅಪರೂಪವಾದ ಈ ಅವಧಿ ಬಹುಬೇಗ ಮರೆತುಹೋಯಿತು. ಮುಂದಿನ ಎಲ್ಲ ತೊಡಕುಗಳ ಬೀಜ ಇರುವುದೂ ಆ ಅವಧಿಯಲ್ಲೇ. 1951ರ ಜುಲೈ ತಿಂಗಳಲ್ಲಿ ಯೋಜನಾ ಆಯೋಗವು ಕೃಷ್ಣಾ-ಗೋದಾವರಿ ನೀರಿನ ಹಂಚಿಕೆಗಾಗಿ ರಾಜ್ಯಗಳ ಸಭೆಯನ್ನು ಕರೆದಾಗ ಚಿಕ್ಕೋಡಿ-ಅಥಣಿಗಳ ಪರವಾಗಿ ಕುಳಿತವರು ಮುಂಬಯಿ ಸರಕಾರದವರು. ಅಂದಿನ ಮೈಸೂರು ಸಂಸ್ಥಾನವು ಆ ಒಪ್ಪಂದವನ್ನು ಅನುಮೋದಿಸಲಿಲ್ಲ. ಕೊಯ್ನಾ ಯೋಜನೆಯ ನಕಾಶೆಯೂ ಮುಂಬಯಿಯಲ್ಲೇ ತಯಾರಾಯಿತು. ಕೊಯ್ನೆಯ ನೀರನ್ನು ಸಹ್ಯಾದ್ರಿಯ ಪಶ್ಚಿಮಕ್ಕೆ ತಿರುಗಿಸಿ ವಿದ್ಯುತ್ತನ್ನು ಉತ್ಪಾದಿಸುವುದೆಂದು ತೀರ್ಮಾನವಾದಾಗ ಕೃಷ್ಣೆಯ ಕೆಳದಡದ ಹಳ್ಳಿಗಳು ಅದೇ ಪ್ರಾಂತದ ಪ್ರಜೆಗಳಾಗಿದ್ದವು. 1956ರ ನವೆಂಬರ್ 1ರ ಬೆಳಿಗ್ಗೆ ಅವು ಇನ್ನೊಂದು ರಾಜ್ಯದ ಪ್ರಜೆಗಳಾಗಿ ಎಚ್ಚರಗೊಂಡವು. ಮನೆ ಇಬ್ಭಾಗವಾದಾಗ ಹೊಲ, ಹಿತ್ತಿಲು, ಬಾವಿಗಳ ವಾಟಣಿಪತ್ರ ಬರೆಯುವುದು ನಮ್ಮ ಕಡೆಯ ರೂಢಿ. ಈ ವಾಟಣಿಯಲ್ಲಿ ಭಾಷೆಯ ಲೆಕ್ಕವಾಯಿತು, ಹಳ್ಳಿಗಳ ಲೆಕ್ಕವಾಯಿತು, ನೀರಿನ ಲೆಕ್ಕ ಉಳಿದುಹೋಯಿತು.

ಉಳಿದುಹೋದ ಆ ಲೆಕ್ಕವನ್ನು ಮಾಡಲು ಕೇಂದ್ರ ಸರಕಾರವು 1961ರಲ್ಲಿ ನಿರಂಜನದಾಸ ಗುಲ್ಹಾಟಿಯವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಈ ಹೆಸರು ಗಮನಾರ್ಹವಾದುದು. ಭಾರತ ಮತ್ತು ಪಾಕಿಸ್ತಾನಗಳ ನಡುವೆ 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಆದ ಸಿಂಧೂ ಜಲ ಒಪ್ಪಂದದ ದೀರ್ಘ ಸಂಧಾನದಲ್ಲಿ ಭಾರತದ ನಿಯೋಗವನ್ನು ಮುನ್ನಡೆಸಿದವರು ಇದೇ ಗುಲ್ಹಾಟಿಯವರು. ಅಲ್ಲಿ ಆರು ನದಿಗಳಲ್ಲಿ ಪೂರ್ವದ ಮೂರು ಭಾರತಕ್ಕೆ, ಪಶ್ಚಿಮದ ಮೂರು ಪ್ರಧಾನವಾಗಿ ಪಾಕಿಸ್ತಾನಕ್ಕೆ ಎಂದು ನದಿಗಳನ್ನೇ ಪಾಲು ಮಾಡಲಾಯಿತು. ಎರಡು ಶತ್ರುದೇಶಗಳ ನಡುವೆ ಮೂರು ಯುದ್ಧಗಳನ್ನು ದಾಟಿ ಬಾಳಿದ ಆ ಒಪ್ಪಂದವನ್ನು ಭಾರತವು 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮದ ಹತ್ಯಾಕಾಂಡದ ಬಳಿಕ, ಅಮಾನತಿನಲ್ಲಿರಿಸಿತು. ಸಿಂಧೂ ತೀರದ ಅನುಭವವನ್ನು ಬೆನ್ನಿಗಿಟ್ಟುಕೊಂಡು ಬಂದ ಗುಲ್ಹಾಟಿಯವರು ಕೃಷ್ಣೆಯ ವಿಷಯದಲ್ಲಿ 1962ರಲ್ಲಿ ಕೊಟ್ಟ ವರದಿಯ ಸಾರವಿಷ್ಟು: ನದಿಯಲ್ಲಿ ನಿಜವಾಗಿ ಎಷ್ಟು ನೀರು ಹರಿಯುತ್ತದೆಂಬುದಕ್ಕೆ ಸಾಕಷ್ಟು ಅಂಕಿಅಂಶಗಳೇ ಇಲ್ಲ. ಹಂಚುವವರ ಕೈಯಲ್ಲಿ ಕೊಳಗವೇ ಇರಲಿಲ್ಲವೆಂದಾಯಿತು. ಆದರೂ 1963ರ ಮಾರ್ಚಿನಲ್ಲಿ ಕೇಂದ್ರವು ಮಹಾರಾಷ್ಟ್ರಕ್ಕೆ 400, ಮೈಸೂರಿಗೆ 600, ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ಎಂದು ತಾತ್ಕಾಲಿಕ ಪಾಲನ್ನು ಸಂಸತ್ತಿನಲ್ಲಿ ಪ್ರಕಟಿಸಿತು. ಯಾರಿಗೂ ಸಮಾಧಾನವಾಗಲಿಲ್ಲ.

ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರು. 1969ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಆರ್.ಎಸ್. ಬಚಾವತ್ ಅವರ ನೇತೃತ್ವದಲ್ಲಿ ನೇಮಕವಾದ ನ್ಯಾಯಾಧಿಕರಣವು 78 ವರ್ಷಗಳ ಹರಿವಿನ ದಾಖಲೆಯನ್ನು ಪರಿಶೀಲಿಸಿ, ನೂರಕ್ಕೆ ಎಪ್ಪತ್ತೈದು ವರ್ಷಗಳಲ್ಲಿ ಭರವಸೆಯಿಂದ ದೊರೆಯುವ ನೀರು 2,060 ಟಿ.ಎಂ.ಸಿ. ಎಂದು ನಿರ್ಣಯಿಸಿತು. ಅದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಹೊಲಕ್ಕೆ ಹರಿದ ನೀರಿನಲ್ಲಿ ಒಂದಂಶ ಬಸಿದು ಮರಳಿ ನದಿಗೆ ಬರುತ್ತದೆಂದು ಲೆಕ್ಕ ಹಾಕಿ ಮತ್ತೆ 25, 34, 11ರಂತೆ ಸೇರಿಸಲಾಯಿತು. 1973ರ ಡಿಸೆಂಬರಿನ ಈ ತೀರ್ಪಿಗೆ 1976ರ ಮೇ ತಿಂಗಳಲ್ಲಿ ಅಂತಿಮ ರೂಪ ಬಂದಿತು. ಕೊಯ್ನೆಯಿಂದ ಪಶ್ಚಿಮಕ್ಕೆ ತಿರುಗಿಸುವ ನೀರಿಗೂ ವರ್ಷಕ್ಕೆ 67.5 ಟಿ.ಎಂ.ಸಿ. ಎಂಬ ಮಿತಿ ಬಿದ್ದಿತು.

ಮೇಲಿನವನು ತನ್ನ ನೆಲದಲ್ಲಿ ಬೀಳುವ ಮಳೆಯ ಪೂರ್ಣ ಒಡೆಯನೆಂಬ ವಾದವನ್ನು ಈ ತೀರ್ಪು ಒಪ್ಪಲಿಲ್ಲ. ಕೆಳಗಿನವನಿಗೆ ನದಿಯು ಕಿಂಚಿತ್ತೂ ಕುಂದದೆ ಬರಬೇಕೆಂಬ ವಾದವನ್ನೂ ಒಪ್ಪಲಿಲ್ಲ. ಮೊದಲನೆಯ ವಾದವನ್ನು 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಎಂಬವರು ಮೆಕ್ಸಿಕೋ ದೇಶದ ದೂರಿಗೆ ಉತ್ತರವಾಗಿ ಮಂಡಿಸಿದ್ದರು. ರಿಯೊ ಗ್ರಾಂಡೆ ನದಿಯ ನೀರನ್ನು ಅಮೆರಿಕದ ರೈತರು ಮೇಲೆಯೇ ಮುಗಿಸಿಬಿಡುತ್ತಾರೆಂಬುದು ಆ ದೂರು. ವಿಚಿತ್ರವೆಂದರೆ ಹಾಗೆ ವಾದಿಸಿದ ಅಮೆರಿಕವೇ 1906ರಲ್ಲಿ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 60,000 ಎಕರೆ-ಅಡಿ ನೀರನ್ನು ಮೆಕ್ಸಿಕೋಗೆ ಬಿಡಲು ಒಪ್ಪಿತು. ಬಲಿಷ್ಠನಿಗೂ ನೆರೆಯವನು ಬೇಕಾಗುತ್ತಾನೆ.

ಬಚಾವತ್ ತೀರ್ಪು ದೊಡ್ಡ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗಡಿಭಾಗದ ಹಳ್ಳಿಗಳ ದೃಷ್ಟಿಯಿಂದ ಅದರಲ್ಲೊಂದು ಕೊರತೆ ಉಳಿಯಿತು. ಅದು ವರ್ಷದ ಒಟ್ಟು ಲೆಕ್ಕವನ್ನು ಹೇಳುತ್ತದೆ. ಜೂನ್ 1ರಿಂದ ಮೇ 31ರವರೆಗಿನ ಜಲವರ್ಷದಲ್ಲಿ ಯಾರು ಎಷ್ಟು ಬಳಸಬಹುದೆಂದು ಹೇಳುತ್ತದೆ. ಏಪ್ರಿಲ್‌ನಲ್ಲಿ ರಾಜಾಪುರದ ಕೆಳಗೆ ಎಷ್ಟು ನೀರು ಹರಿಯಬೇಕೆಂದು ತಿಂಗಳ ಪಟ್ಟಿಯನ್ನು ಹಾಕಿಕೊಡುವುದಿಲ್ಲ. ಶ್ರಾವಣದಲ್ಲಿ ದಡ ಮೀರಿ ಹರಿದದ್ದೂ ಲೆಕ್ಕವೇ, ವೈಶಾಖದಲ್ಲಿ ಬಾರದಿದ್ದದ್ದೂ ಅದೇ ಲೆಕ್ಕದೊಳಗೆ ಮುಚ್ಚಿಹೋಗುತ್ತದೆ. ಹೋಲಿಕೆಗಾಗಿ ನೋಡುವುದಾದರೆ, ಭಾರತ ಮತ್ತು ಬಾಂಗ್ಲಾದೇಶಗಳು 1996ರ ಡಿಸೆಂಬರ್ 12ರಂದು ಮೂವತ್ತು ವರ್ಷಗಳ ಅವಧಿಗೆ ಮಾಡಿಕೊಂಡ ಗಂಗಾ ಒಪ್ಪಂದವು ಫರಕ್ಕಾದಲ್ಲಿ ಜನವರಿಯಿಂದ ಮೇ ಅಂತ್ಯದವರೆಗೆ ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಪಾಲನ್ನು ನಿಗದಿಪಡಿಸಿತು. ಕಾವೇರಿಯ 2007ರ ತೀರ್ಪಿನಲ್ಲೂ ಬಿಳಿಗುಂಡ್ಲುವಿನಲ್ಲಿ ತಿಂಗಳವಾರು ಅಳತೆಯಿದೆ. ಬೇಸಿಗೆಯ ನೀರಿನ ವಿಷಯದಲ್ಲಿ ಎರಡು ದೇಶಗಳ ನಡುವೆ ಇದ್ದ ಖಚಿತತೆ ರಾಜಾಪುರ-ಜುಗೂಳಗಳ ನಡುವೆ ಇಲ್ಲ.

ಇದರ ಪರಿಣಾಮವನ್ನು ಮಾರ್ಚ್ ಕಳೆಯುತ್ತಲೇ ಕಾಣಬಹುದು. ಬಾಂದಾರವೆಂದರೆ ಕಲ್ಲಿನ ಕಂಬಗಳ ಸಾಲು. ಕಂಬಗಳಲ್ಲಿ ಕೊರೆದ ಗಾಡಿಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆಗಳನ್ನು ಎರಡು ಸಾಲಾಗಿ ಇಳಿಸಿ ನಡುವೆ ಮಣ್ಣು ತುಂಬಿದರೆ ನದಿಯು ಹೊಂಡವಾಗಿ ನಿಲ್ಲುತ್ತದೆ. ಕೋಲ್ಹಾಪುರ ಮಾದರಿಯೆಂದು ದೇಶದಲ್ಲೆಲ್ಲ ಹೆಸರಾದ ಈ ಕಟ್ಟೆ ಕಡಿಮೆ ಖರ್ಚಿನದು, ರೈತೋಪಯೋಗಿ, ಬುದ್ಧಿವಂತಿಕೆಯದು. ಎರಡೂ ರಾಜ್ಯಗಳಲ್ಲಿ ಇಂಥವು ಸಾಲುಸಾಲಾಗಿವೆ: ಜತ್ರಾಟ-ಭಿವಶಿ, ಸಿದ್ನಾಳ-ಅಕ್ಕೋಳ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ, ಕಲ್ಲೋಳ-ಯಡೂರ. ಇವೇ ಸೇತುವೆಗಳೂ ಹೌದು. ಆದರೆ ಮೇಲಿನ ಬಾಂದಾರದ ಹಲಗೆ ಇಳಿದಂತೆ ಕೆಳಗಿನ ಊರಿನ ನದಿಯು ಒಣಗುತ್ತ ಬರುತ್ತದೆ. ಬೇಸಿಗೆಯ ಕೊನೆಗೆ ಕುಡಚಿಯಿಂದ ಅಥಣಿ ತಾಲೂಕಿನ ದರೂರ, ಸಪ್ತಸಾಗರಗಳವರೆಗೆ ಪಾತ್ರದಲ್ಲಿ ಮರಳು ಮತ್ತು ಬಂಡೆಗಳು ಏಳುತ್ತವೆ. ಕರ್ನಾಟಕದ ಮುಖ್ಯಮಂತ್ರಿಗಳು ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆಯುವ ಕಾಲ ಅದು. 2019ರ ಬೇಸಿಗೆಯಲ್ಲಿ ಪತ್ರಗಳು ಹೋದವು, 2023ರಲ್ಲಿ ಹೋದವು, 2025ರಲ್ಲಿ ಹೋದವು. ಕೊಯ್ನಾ ಅಥವಾ ವಾರಣಾ ಜಲಾಶಯದಿಂದ ಎರಡು, ನಾಲ್ಕು ಟಿ.ಎಂ.ಸಿ. ಬಿಡಿರೆಂಬುದು ಕೋರಿಕೆ. ಮೊದಮೊದಲು ನೀರಿಗೆ ಹಣ ಕೊಡುವ ಪದ್ಧತಿಯಿತ್ತು. ಬಳಿಕ ಮಹಾರಾಷ್ಟ್ರವು ಹಣ ಬೇಡ, ನೀರಿಗೆ ನೀರೇ ಬೇಕೆಂದಿತು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಬರಪೀಡಿತ ಹಳ್ಳಿಗಳಿಗೆ ಕರ್ನಾಟಕದ ಕಾಲುವೆಯಿಂದ ನೀರು ಕೊಟ್ಟರೆ ಕೊಯ್ನೆಯಿಂದ ಅಷ್ಟೇ ನೀರು ಬಿಡುವುದಾಗಿ ಹೇಳಿತು.

ಈ ಬೇಡಿಕೆಯನ್ನು ಕುತಂತ್ರವೆಂದು ತಳ್ಳಿಹಾಕುವುದು ಸುಲಭ, ಹಲವರು ಹಾಗೆಯೇ ಮಾಡಿದರು. ಆದರೆ ಜತ್ತದ ಆ ಹಳ್ಳಿಗಳ ಜನ ಕನ್ನಡ ಮಾತಾಡುವವರು. ಅವರ ಊರುಗಳು ಎತ್ತರದಲ್ಲಿವೆ. ಮ್ಹೈಸಾಳದ ಏತ ನೀರಾವರಿಯ ನೀರು ಬಹುಕಾಲ ಅಲ್ಲಿಗೆ ತಲುಪಲಿಲ್ಲ. ನೀರಿಲ್ಲದ್ದಕ್ಕೆ ಬೇಸತ್ತು, ತಮ್ಮನ್ನು ಕರ್ನಾಟಕಕ್ಕೆ ಸೇರಿಸಿರೆಂದು 2012ರಲ್ಲಿ ಗೊತ್ತುವಳಿ ಮಾಡಿದವರು ಅವರು. 2022ರ ನವೆಂಬರಿನಲ್ಲಿ ಗಡಿವಿವಾದ ಮತ್ತೆ ಕಾವೇರಿದಾಗ ಅದೇ ಗೊತ್ತುವಳಿ ಸುದ್ದಿಗೆ ಬಂದಿತು. ಅದೇ ಸಮಯದಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತದ ತಿಕ್ಕುಂಡಿಯ ಕೆರೆಗೆ ಹರಿಯಿತು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರಕಾರವು ಮ್ಹೈಸಾಳದ ವಿಸ್ತರಣೆಗೆ ಮಂಜೂರಾತಿ ಕೊಟ್ಟಿತು. ಸಹ್ಯಾದ್ರಿಯಲ್ಲಿ ಬಿದ್ದ ಮಳೆ ಸಾಂಗಲಿಯ ಮೂಲಕ ಕರ್ನಾಟಕಕ್ಕೆ ಇಳಿದು, ಜಮಖಂಡಿ ಸೀಮೆಯಲ್ಲಿ ಪಂಪಿನಿಂದ ಮೇಲೇರಿ, ಮರಳಿ ಸಾಂಗಲಿ ಜಿಲ್ಲೆಯ ಕೆರೆಯನ್ನು ತುಂಬಿಸಿದ ಈ ಪಯಣವನ್ನು ಎರಡೂ ಕಡೆಯ ರಾಜಕಾರಣಿಗಳು ತಮ್ಮ ತಮ್ಮ ವಿಜಯವೆಂದು ಸಾರಿದರು. ತಿಕ್ಕುಂಡಿಯ ದನಕರುಗಳಿಗೆ ಮಾತ್ರ ಅದು ಬರೇ ನೀರಾಗಿತ್ತು.

ಮೇಲಿನ ರಾಜ್ಯದ ಮೇಲೆ ದೂರು ಹೇಳುವವರು ತಮ್ಮ ಕೆಳಗಿನವರ ದೂರನ್ನೂ ಕೇಳಬೇಕಾಗುತ್ತದೆ. ಕೊಯ್ನೆಯಿಂದ ಬಿಟ್ಟ ನೀರು ಗಡಿಯನ್ನು ತಲುಪಲು ದಿನಗಳೇ ಬೇಕು. ದಾರಿಯುದ್ದಕ್ಕೂ ಎರಡೂ ರಾಜ್ಯಗಳ ದಡಗಳಲ್ಲಿ ಜಾಕ್‌ವೆಲ್ಲುಗಳ ಸಾಲು. ಕುಡಿಯುವುದಕ್ಕೆಂದು ಬಿಟ್ಟ ನೀರು ಕಬ್ಬಿನ ಗದ್ದೆಗೆ ಏರದಿರಲೆಂದು ನದಿತೀರದ ಪಂಪುಗಳ ವಿದ್ಯುತ್ತನ್ನು ಕಡಿತಗೊಳಿಸಬೇಕಾಗುತ್ತದೆ. ಯಡೂರ, ಮಾಂಜರಿ, ಅಂಕಲಿಯವರು ಮಹಾರಾಷ್ಟ್ರದ ದೃಷ್ಟಿಯಲ್ಲಿ ಕೆಳಗಿನವರು. ಚಿಂಚಲಿ, ಹಲ್ಯಾಳದವರ ದೃಷ್ಟಿಯಲ್ಲಿ ಮೇಲಿನವರು. ಅಥಣಿ ತಾಲೂಕಿನ ಪೂರ್ವಭಾಗದ, ಕಾಗವಾಡದ ಉತ್ತರಭಾಗದ ಒಣಭೂಮಿಯವರ ಪಾಲಿಗಂತೂ ನದಿಯ ದಡದ ಕಬ್ಬಿನ ಒಡೆಯರೆಲ್ಲರೂ ಮೇಲಿನವರೇ. ಖಿಳೇಗಾಂವಿ ಬಸವೇಶ್ವರ ಏತ ನೀರಾವರಿಯ ನೀರಿಗಾಗಿ ಆ ಊರುಗಳು ಎಷ್ಟೋ ವರ್ಷ ಹಾದಿ ಕಾಯಬೇಕಾಯಿತು. ರಾಜ್ಯದ ಗಡಿಯಲ್ಲಿ ಕೇಳಿಬರುವ ನ್ಯಾಯದ ಮಾತು ಊರಿನ ಗಡಿಗೆ ಬರುವಷ್ಟರಲ್ಲಿ ತಗ್ಗುತ್ತದೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ.

ಮಿತಿಮೀರಿ ಪಡೆದ ನೀರು ಪಡೆದವನನ್ನೂ ಬಿಡುವುದಿಲ್ಲ. ನದಿಗೆ ಹತ್ತಿದ ಕಪ್ಪು ನೆಲದಲ್ಲಿ ದಶಕಗಳ ಕಾಲ ಕಬ್ಬಿಗೆ ನೀರು ಹಾಯಿಸಿದ ಫಲವಾಗಿ ಶಿರೋಳದಲ್ಲೂ ಅಥಣಿ, ಕಾಗವಾಡ, ರಾಯಬಾಗಗಳಲ್ಲೂ ಸಾವಿರಾರು ಎಕರೆ ಸವಳು-ಜವಳಾಗಿದೆ. ಬಿಳಿಯ ಉಪ್ಪು ಮೇಲೆದ್ದ ಆ ನೆಲವನ್ನು ಸರಿಪಡಿಸಲು ಈಗ ಭೂಮಿಯೊಳಗೆ ಕೊಳವೆಗಳನ್ನು ಹೂಳಿ ಹೆಚ್ಚಿನ ನೀರನ್ನು ಬಸಿಯಬೇಕಾಗಿದೆ. ಅಂದರೆ ಪೂರ್ವದ ಹಳ್ಳಿಗೆ ಇಲ್ಲವೆಂದ ನೀರನ್ನೇ ಪಶ್ಚಿಮದ ಹೊಲದಿಂದ ಹಣ ಕೊಟ್ಟು ಹೊರಗೆ ಹಾಕಬೇಕಾಗಿದೆ.

ಈ ಪ್ರಸಂಗದಲ್ಲಿ ಶ್ರಾವಕಾಚಾರದ ಒಂದೆರಡು ಮಾತುಗಳನ್ನು ನೆನೆಯುವುದು ಅಪ್ರಸ್ತುತವಾಗಲಾರದು. ತತ್ತ್ವಾರ್ಥಸೂತ್ರವು ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು, ಹೀನಾಧಿಕಮಾನೋನ್ಮಾನ ಇನ್ನೊಂದು. ಮೊದಲನೆಯದನ್ನು ವಿವರಿಸುತ್ತ ವ್ಯಾಖ್ಯಾನಕಾರರು, ರಾಜ್ಯರಾಜ್ಯಗಳ ವಿರೋಧವನ್ನು ಅವಕಾಶ ಮಾಡಿಕೊಂಡು ಉಚಿತವಾದ ನ್ಯಾಯವನ್ನು ಮೀರಿ ಕೊಡುವ-ಕೊಳ್ಳುವ ವ್ಯವಹಾರವೆಂದು ಅರ್ಥ ಮಾಡಿದ್ದಾರೆ. ಎರಡನೆಯದು ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು. ಇವೆರಡನ್ನೂ ಸಾಮಾನ್ಯವಾಗಿ ಅಂಗಡಿಕಾರರಿಗೆ ಹೇಳಿದ ಮಾತುಗಳೆಂದು ಓದಲಾಗುತ್ತದೆ. ಬಾಂದಾರದ ಹಲಗೆಯನ್ನು ರಾತ್ರಿ ಎಳೆಯುವವನಿಗೂ ತನ್ನ ಜಾಕ್‌ವೆಲ್ಲಿನ ಅಶ್ವಶಕ್ತಿಯನ್ನು ದಾಖಲೆಯಲ್ಲಿ ಕಡಿಮೆ ಬರೆಸುವವನಿಗೂ ಅವು ಅನ್ವಯಿಸುವುದಿಲ್ಲವೆಂದು ಹೇಳಲು ಯಾವ ಆಧಾರವೂ ಇಲ್ಲ. ಹಾಗೆಯೇ, ನೀರನ್ನು ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯಿಂದ ಸೇದಿತೋ ಅದೇ ಬಾವಿಗೆ ಮರಳಿ ಬಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಇಚಲಕರಂಜಿಯ ಬಣ್ಣದ ಕಾರ್ಖಾನೆಗಳ, ಕೋಲ್ಹಾಪುರದ ಚರಂಡಿಗಳ ಹೊಲಸನ್ನು ಹೊತ್ತು ಪಂಚಗಂಗೆಯು ಕೃಷ್ಣೆಗೆ ಸೇರುವಾಗ, ಮೀನುಗಳು ಸತ್ತು ತೇಲುವಾಗ, ಎಷ್ಟು ಮಡಿಕೆಯ ಬಟ್ಟೆಯಿಂದ ಸೋಸಿದರೂ ಪ್ರಯೋಜನವಿಲ್ಲ. ನೀರಿನ ಪಾಲಿನ ಜಗಳದಲ್ಲಿ ನೀರಿನ ಗುಣದ ಪ್ರಶ್ನೆ ಹಿಂದೆ ಬಿದ್ದಿದೆ.

ದೂಧಗಂಗೆಯ ಕಥೆ ಕೃಷ್ಣೆಯದಕ್ಕಿಂತ ತುಸು ಸಮಾಧಾನಕರವಾದುದು. ರಾಧಾನಗರಿ ತಾಲೂಕಿನ ಕಾಳಮ್ಮವಾಡಿಯ ಅಣೆಕಟ್ಟು ಎರಡೂ ರಾಜ್ಯಗಳ ಜಂಟಿ ಯೋಜನೆ. ಅದರ ಸಂಗ್ರಹ 25 ಟಿ.ಎಂ.ಸಿ.ಗೆ ಸ್ವಲ್ಪ ಹೆಚ್ಚು, ಅದರಲ್ಲಿ ಕರ್ನಾಟಕದ ಪಾಲು 4 ಟಿ.ಎಂ.ಸಿ. ಪಾಲು ಬರವಣಿಗೆಯಲ್ಲಿ ಇರುವುದರಿಂದ ಅಲ್ಲಿ ಪ್ರತಿವರ್ಷ ಬೇಡುವ ಪ್ರಸಂಗವಿಲ್ಲ, ಪಾಲನ್ನು ಕೇಳಿ ಪಡೆಯುವ ಪ್ರಸಂಗವಿದೆ. ಎರಡಕ್ಕೂ ಅಂತರ ಬಹಳ. ಬೀಡಿ ತಂಬಾಕಿಗೆ ಹೆಸರಾಗಿ, 1981ರಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿಯನ್ನು ಕಂಡ ನಿಪ್ಪಾಣಿ ಭಾಗವು ಕ್ರಮೇಣ ಕಬ್ಬಿನ ನಾಡಾದದ್ದು ಈ ನೀರಿನಿಂದ. ದೂಧಗಂಗೆಯು ಮಹಾರಾಷ್ಟ್ರದ ಕಾಗಲ ತಾಲೂಕಿನಿಂದ ಕರ್ನಾಟಕದ ಭೋಜ, ಕಾರದಗಾಗಳಿಗೆ ಬಂದು, ಆಚಾರ್ಯ ವಿದ್ಯಾಸಾಗರರ ಜನ್ಮಸ್ಥಳವಾದ ಸದಲಗಾವನ್ನು ಹಾಯ್ದು, ಮತ್ತೆ ಮಹಾರಾಷ್ಟ್ರದ ದತ್ತವಾಡವನ್ನು ಒಂದು ದಡದಲ್ಲೂ ಕರ್ನಾಟಕದ ಮಲಿಕವಾಡವನ್ನು ಇನ್ನೊಂದು ದಡದಲ್ಲೂ ಮುಟ್ಟುತ್ತದೆ. ಇಲ್ಲಿ ಮೇಲಿನವರು ಯಾರು, ಕೆಳಗಿನವರು ಯಾರು? 2023ರಲ್ಲಿ ಇಚಲಕರಂಜಿ ನಗರಕ್ಕೆ ದೂಧಗಂಗೆಯಿಂದ ಕುಡಿಯುವ ನೀರನ್ನು ಒಯ್ಯುವ ಸುಳಕೂಡ ಯೋಜನೆಯನ್ನು ಬಲವಾಗಿ ವಿರೋಧಿಸಿದವರು ಮಹಾರಾಷ್ಟ್ರದವರೇ ಆದ ಕಾಗಲದ ರೈತರು. ಭಾಷೆಯ ಗೆರೆಯ ಮೇಲೆ ನೀರಿನ ಜಗಳವನ್ನು ಹೊಂದಿಸಲು ಹೋದವರಿಗೆ ಈ ನದಿಯು ಒಲಿಯುವುದಿಲ್ಲ.

ಬೇಸಿಗೆಯಲ್ಲಿ ಬೇಡಿದ ನೀರು ಆಷಾಢ-ಶ್ರಾವಣಗಳಲ್ಲಿ ಬೇಡವೆಂದರೂ ಬರುತ್ತದೆ. 2005ರಲ್ಲಿ ಬಂದಿತು, 2019ರ ಆಗಸ್ಟಿನಲ್ಲಿ ಬಂದಿತು, 2021ರ ಜುಲೈನಲ್ಲಿ ಬಂದಿತು. ರಾಜಾಪುರದಿಂದ ಇಷ್ಟು ಸಾವಿರ ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಬಳಿ ಒಟ್ಟು ಇಷ್ಟು ಎಂಬ ಲೆಕ್ಕವನ್ನು ದಿನಪತ್ರಿಕೆಯ ಮೊದಲ ಪುಟದಲ್ಲಿ ನೋಡಿ ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರಿನ ಜನ ದನಗಳನ್ನು ಬಿಚ್ಚಿಕೊಂಡು ಎತ್ತರಕ್ಕೆ ನಡೆಯುತ್ತಾರೆ. ಆ ದಿನಗಳಲ್ಲಿ ದೂರು ತಿರುವುಮುರುವಾಗುತ್ತದೆ: ಆಲಮಟ್ಟಿಯಲ್ಲಿ ಕರ್ನಾಟಕವು ನೀರು ಹಿಡಿದಿರುವುದರಿಂದಲೇ ಸಾಂಗಲಿ ಮುಳುಗಿತೆಂಬುದು ಮೇಲಿನವರ ಮಾತು. ಮಹಾರಾಷ್ಟ್ರ ಸರಕಾರವೇ ನೇಮಿಸಿದ ನಂದಕುಮಾರ ವಡನೇರೆ ಅವರ ಸಮಿತಿಯು 2020ರಲ್ಲಿ 2019ರ ಮಹಾಪೂರಕ್ಕೆ ಆಲಮಟ್ಟಿ ಕಾರಣವಲ್ಲವೆಂದು ವರದಿ ಕೊಟ್ಟಿತು. ತನ್ನ ಸರಕಾರಕ್ಕೆ ಅಪ್ರಿಯವಾಗಬಹುದಾದ ಸತ್ಯವನ್ನು ಹೇಳಿದ ಆ ಸಮಿತಿಯ ನಿಷ್ಠೆಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡರು. ಜಲಾಶಯಗಳ ಮಟ್ಟ, ಹೊರಹರಿವುಗಳ ಮಾಹಿತಿಯನ್ನು ಆಗಿಂದಾಗ ಹಂಚಿಕೊಳ್ಳುವುದೆಂದು ಎರಡೂ ಕಡೆಯವರು ಒಪ್ಪಿದರು. ಮರುತಿಂಗಳು ಬಂದ ನೆರೆಯಲ್ಲಿ ಎರಡೂ ಕಡೆಯ ಎಂಜಿನಿಯರರು ಪರಸ್ಪರ ಸಂಪರ್ಕದಲ್ಲಿದ್ದರು. ಹೊಲಮನೆಗಳು ಮುಳುಗಿದ್ದು ತಪ್ಪಲಿಲ್ಲವಾದರೂ ಮುನ್ಸೂಚನೆ ಸಿಕ್ಕ ಊರಿಗೂ ಸಿಗದ ಊರಿಗೂ ಇರುವ ವ್ಯತ್ಯಾಸವನ್ನು ನದಿಯ ದಡದವರಿಗೆ ಹೇಳಬೇಕಾಗಿಲ್ಲ.

ನ್ಯಾಯಮೂರ್ತಿ ಬ್ರಿಜೇಶ ಕುಮಾರ್ ಅವರ ಎರಡನೆಯ ನ್ಯಾಯಾಧಿಕರಣವು 2004ರಲ್ಲಿ ನೇಮಕವಾಗಿ 2010ರ ಡಿಸೆಂಬರ್ 30ರಂದು ತೀರ್ಪನ್ನು, 2013ರ ನವೆಂಬರ್ 29ರಂದು ಮುಂದಿನ ವರದಿಯನ್ನು ನೀಡಿತು. ಒಟ್ಟು 2,578 ಟಿ.ಎಂ.ಸಿ.ಯಲ್ಲಿ ಮಹಾರಾಷ್ಟ್ರಕ್ಕೆ 666, ಕರ್ನಾಟಕಕ್ಕೆ 907, ಅವಿಭಜಿತ ಆಂಧ್ರಕ್ಕೆ 1,005. ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿ. 2011ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತಡೆಯಿಂದಾಗಿ ಈ ತೀರ್ಪು ರಾಜಪತ್ರವನ್ನು ಸೇರಲಾಗಲಿಲ್ಲ. 2014ರಲ್ಲಿ ತೆಲಂಗಾಣ ಹುಟ್ಟಿ ಪಾಲುದಾರರು ನಾಲ್ವರಾದರು.

ಕಡತಗಳು ದೆಹಲಿಯಲ್ಲಿ ಹೀಗೆ ಕಾಯುತ್ತಿರುವಾಗ ಗಡಿಯ ಕೆಲಸ ತನ್ನ ಕಾಲಕ್ರಮದಲ್ಲಿ ನಡೆದಿರುತ್ತದೆ. ಚಿತ್ತಾ ಮಳೆ ಮುಗಿದ ಮೇಲೆ ಕಾರದಗಾದಲ್ಲೂ ದತ್ತವಾಡದಲ್ಲೂ ಹಲಗೆಗಳನ್ನು ಹೊರತೆಗೆದು, ಒಡೆದವನ್ನು ಬದಿಗಿಟ್ಟು, ಉಳಿದವನ್ನು ಗಾಡಿಗಳಿಗೆ ಇಳಿಸುತ್ತಾರೆ. ಮಿರಗದ ಮಳೆ ಬೀಳುವ ಮುಂಚೆ ಮತ್ತೆ ಮೇಲಕ್ಕೆತ್ತಬೇಕು. ಮಲಿಕವಾಡ-ದತ್ತವಾಡದಂಥ ಕಡೆ ಕಟ್ಟೆಯ ಒಂದು ತುದಿ ಕರ್ನಾಟಕದಲ್ಲಿ, ಇನ್ನೊಂದು ತುದಿ ಮಹಾರಾಷ್ಟ್ರದಲ್ಲಿದೆ. ಅಲ್ಲಿ ಒಂದು ದಡದವರು ಹಲಗೆ ಹಾಕಿ ಇನ್ನೊಂದು ದಡದವರು ತೆಗೆದರೆ ನೀರು ನಿಲ್ಲುವುದಿಲ್ಲ.